ಪಿಕಪ್ ಹಿಂದಿನ ಗಾಜು: ಸಿಲಿಕಾನ್, ಮೀಟರ್ ಬೀಡಿಂಗ್, ಅಚ್ಚಿನ ರಬ್ಬರ್

ಹಳೆ ಪಿಕಪ್ಪಿನ ಹಿಂದಿನ ಗಾಜು ಸೋರುತ್ತಿದ್ದರೆ ಗಾಜು ಬಿಚ್ಚಿ, ಆ ಗಾಡಿಗೆಂದೇ ಅಚ್ಚು ಹಾಕಿದ ಹೊಸ ರಬ್ಬರ್ ತಂದು ಕೂರಿಸಿ. ಹಳೆ ರಬ್ಬರಿನ ಮೇಲೆ ಸಿಲಿಕಾನ್, ಮೀಟರ್ ಲೆಕ್ಕದಲ್ಲಿ ಕೊಯ್ದು ಕೊಡುವ ರಬ್ಬರ್ ಪಟ್ಟಿ (ಬೀಡಿಂಗ್), ಅಚ್ಚಿನ ರಬ್ಬರ್, ಮೂರನ್ನೂ ನಮ್ಮ ಗಾಡಿಯಲ್ಲೇ ನೋಡಿದ್ದೇನೆ. ಹೊಸನಗರದ ಮಳೆಗೆ ತಡೆದದ್ದು ಕೊನೆಯದೊಂದೇ.

ಸಿಲಿಕಾನ್ ಹಾಕಿದ್ದು ಗ್ಯಾರೇಜಿನವರು. "ಗಾಜು ಬಿಚ್ಚೋದೇ ಬೇಡ ಸಾರ್, ಸುತ್ತ ಒಂದು ಟ್ಯೂಬ್ ಎಳೆದ್ರೆ ಮುಗೀತು" ಅಂದರು. ಬೇಸಿಗೆಯಲ್ಲಿ ಪೈಪು ಹಿಡಿದು ನೀರು ಬಿಟ್ಟರೆ ಒಂದು ಹನಿಯೂ ಒಳಗೆ ಬರಲಿಲ್ಲ. ಆರಿದ್ರಾ ಮಳೆ ಹಿಡಿಯಿತು ನೋಡಿ, ಸೀಟಿನ ಹಿಂದೆ ಇಟ್ಟಿದ್ದ ಮೈಲುತುತ್ತದ ಚೀಲ ಒದ್ದೆ. ತೋಟದ ರಸ್ತೆಯಲ್ಲಿ ಗಾಡಿ ಕುಲುಕಿದಂತೆಲ್ಲ ಕ್ಯಾಬಿನ್ ತಗಡು ಸ್ವಲ್ಪ ತಿರುಚುತ್ತದೆ. ಒಳಗಿನ ರಬ್ಬರ್ ಆಗಲೇ ಗಟ್ಟಿಯಾಗಿ ಬಿರಿದಿರುತ್ತದೆ, ಮೇಲಿನ ಸಿಲಿಕಾನ್ ಅಂಚು ಬಿಡುತ್ತದೆ. ಒಳಗೆ ಹೋಗಲು ನೀರಿಗೆ ಕೂದಲೆಳೆಯಷ್ಟು ಸಂದಿ ಸಾಕು. ಹೊರಗೆ ಬರಲು ಮಾತ್ರ ಸಿಲಿಕಾನ್ ಬಿಡುವುದಿಲ್ಲ, ನೀರು ಅಲ್ಲೇ ನಿಲ್ಲುತ್ತದೆ.

ಇದರ ನಿಜವಾದ ತೊಂದರೆ ಗೊತ್ತಾಗುವುದು ಬಿಚ್ಚುವಾಗ. ಡ್ರೈವರ್ ಬದಿಯ ಕೆಳಮೂಲೆಯಲ್ಲಿ ಸಿಲಿಕಾನ್ ಎಳೆದರೆ ಅದರ ಜೊತೆ ಬಣ್ಣವೂ ಸಿಪ್ಪೆ ಎದ್ದು ಬಂತು. ಕೆಳಗೆ ತಗಡಿನ ಅಂಚು ಪದರ ಪದರವಾಗಿ ತುಕ್ಕು ಹಿಡಿದಿತ್ತು. ಒಂದು ಕಡೆ ಸ್ಕ್ರೂಡ್ರೈವರ್ ಮೊನೆ ಒತ್ತಿದರೆ ಆಚೆ ಬಂತು. ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕಾನ್ ಇದೆಯಲ್ಲ, ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಹೋದ ಕಬ್ಬಿಣಕ್ಕೆ ಅದು ತಾಗಿದರೆ ತುಕ್ಕಿಗೆ ಇನ್ನಷ್ಟು ದಾರಿ.

ಒಣಗಿದ ಸಿಲಿಕಾನ್ ಪೆಟ್ರೋಲಿಗೂ ಕರಗುವುದಿಲ್ಲ, ಥಿನ್ನರಿಗೂ ಕರಗುವುದಿಲ್ಲ. ಬ್ಲೇಡಿನಲ್ಲಿ ಕೆರೆಯಬೇಕು, ಆಮೇಲೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಕು. ತೆಳು ಪದರ ಉಳಿದರೂ ಅದರ ಮೇಲೆ ಪ್ರೈಮರ್ ಹಿಡಿಯುವುದಿಲ್ಲ, ಬಣ್ಣ ಗುಂಡಗುಂಡಗೆ ಬಿಟ್ಟುಕೊಳ್ಳುತ್ತದೆ. ಹೊಸ ಸಿಲಿಕಾನ್ ಕೂಡ ಹಳೇ ಸಿಲಿಕಾನ್ ಮೇಲೆ ಸರಿಯಾಗಿ ಕೂರುವುದಿಲ್ಲ. ಗಾಜು ಕೂರಿಸುವ ಕೆಲಸಕ್ಕಿಂತ ಈ ಕೆರೆಯುವ ಕೆಲಸವೇ ಜಾಸ್ತಿ ಹೊತ್ತು ತಿಂದಿತು. ಹಾಗಾಗಿ ಸಿಲಿಕಾನ್ ಅಗ್ಗ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಗಡಿಗೆ ಬೆಸುಗೆ ಹಾಕಿಸಿದ ಕೂಲಿಯನ್ನೂ ಅದರ ಲೆಕ್ಕಕ್ಕೇ ಸೇರಿಸಬೇಕು.

ಮೀಟರ್ ಬೀಡಿಂಗ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಶಿವಮೊಗ್ಗದಲ್ಲಿ ಸುಲಭವಾಗಿ ಸಿಗುತ್ತದೆ, ಕಡಿಮೆ ದುಡ್ಡು. ನೇರ ಅಂಚಿನಲ್ಲಿ ಚೆನ್ನಾಗಿಯೇ ಕೂರುತ್ತದೆ, ಮೂಲೆಯಲ್ಲಿ ಸುಕ್ಕಾಗುತ್ತದೆ. ಜೋಡಿಸಿದ ಜಾಗ ಒಂದೇ ಮಳೆಗಾಲಕ್ಕೆ ಬಾಯಿ ಬಿಟ್ಟಿತು. ನಿಮ್ಮ ಗಾಡಿಗೆ ಅಚ್ಚಿನ ರಬ್ಬರ್ ಎಲ್ಲೂ ಸಿಗದಿದ್ದರೆ ಮಾತ್ರ ಇದನ್ನು ಹಾಕಿ. ಅಳತೆಗಿಂತ ಒಂದು ಬೆರಳು ಉದ್ದ ಇಟ್ಟು, ಜೋಡಣೆ ಮೂಲೆಗೆ ಬರದ ಹಾಗೆ ನೋಡಿಕೊಳ್ಳಿ.

ಅಚ್ಚಿನ ರಬ್ಬರ್ ಒಂದೇ ಸುತ್ತು, ಮೂಲೆಗಳು ಮೊದಲೇ ಬಾಗಿರುತ್ತವೆ. ಬೆಲೆ ಮೀಟರ್ ಬೀಡಿಂಗಿನ ಹೆಚ್ಚುಕಡಿಮೆ ಮೂರು ಪಟ್ಟು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗುವಾಗ ಹಳೆ ರಬ್ಬರಿನ ತುಂಡು ಜೇಬಿನಲ್ಲಿರಲಿ. ಅಡ್ಡ ಕೊಯ್ದ ಮುಖ ನೋಡಿ, ಗಾಜು ಕೂರುವ ಸೀಳು, ತಗಡು ಕೂರುವ ಸೀಳು ಎರಡೂ ಹೊಂದುತ್ತವಾ ಅಂತ ಅಲ್ಲೇ ಹೋಲಿಸಿ. ಇಪಿಡಿಎಂ ಅನ್ನುವ ಕೃತಕ ರಬ್ಬರ್ ಕೇಳಿ, ಬಿಸಿಲಿಗೆ ಬೇಗ ಬಿರಿಯುವುದಿಲ್ಲ.

ಬಿಚ್ಚುವಾಗ ಹಳೆ ರಬ್ಬರಿನ ಆಸೆ ಬಿಡಿ. ಹೊರಗಿನ ತುಟಿಯನ್ನು ಬ್ಲೇಡಿನಲ್ಲಿ ಸುತ್ತ ಕೊಯ್ದು, ಒಳಗಿನಿಂದ ಅಂಗೈಯಲ್ಲಿ ಮೆಲ್ಲಗೆ ತಳ್ಳಿದರೆ ಗಾಜು ಬರುತ್ತದೆ, ಹೊರಗೆ ಹಿಡಿಯಲು ಒಬ್ಬರಿರಬೇಕು. ನಮ್ಮದು ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು. ಅಂಚಿಗೆ ಕಬ್ಬಿಣ ತಾಗಿದರೆ ಇಡೀ ಗಾಜು ಹರಳು ಹರಳಾಗಿ ಉದುರಬಹುದು. ಮೀಟಲು ನಾನು ಅಡಿಕೆ ದಬ್ಬೆಯನ್ನು ಚಪ್ಪಟೆಯಾಗಿ ಕೆತ್ತಿ ಇಟ್ಟುಕೊಂಡಿದ್ದೆ. ಪ್ಲಾಸ್ಟಿಕ್ ಪಟ್ಟಿಗಿಂತ ಅದೇ ಮೇಲು.

ಕೂರಿಸುವಾಗ ರಬ್ಬರನ್ನು ಮೊದಲು ಗಾಜಿಗೆ ಹಾಕಿ. ತಗಡು ಕೂರುವ ಸೀಳಿನೊಳಗೆ 4-5 ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗವನ್ನು ಸುತ್ತ ಇಟ್ಟು, ಎರಡು ತುದಿ ಕೆಳಗೆ ಮಧ್ಯದಲ್ಲಿ ಒಂದರ ಮೇಲೊಂದು ಬರುವ ಹಾಗೆ ಬಿಡಿ. ಸೋಪಿನ ನೀರು ಧಾರಾಳವಾಗಿ ಹಚ್ಚಿ. ಗ್ರೀಸು, ಡೀಸೆಲ್ ಬೇಡ, ಇಪಿಡಿಎಂ ಉಬ್ಬುತ್ತದೆ. ತಮ್ಮ ಹೊರಗಿನಿಂದ ಗಾಜು ಒತ್ತಿದ, ನಾನು ಒಳಗೆ ಕೂತು ಹಗ್ಗ ಎಳೆದೆ. ಎಳೆದ ಹಾಗೆ ರಬ್ಬರಿನ ತುಟಿ ತಗಡಿನ ಮೇಲೆ ಟಪ್ ಟಪ್ ಅಂತ ಹತ್ತುತ್ತಾ ಬರುತ್ತದೆ. ಮೂಲೆಗೆ ಬಂದಾಗ, "ಅಣ್ಣಾ, ನಿಲ್ಸು, ಇಲ್ಲಿ ಗಾಜು ಎದ್ದಿದೆ" ಅಂದ. ಅಲ್ಲಿ ಅಂಗೈಯಲ್ಲಿ ತಟ್ಟಿ, ಮತ್ತಷ್ಟು ಸೋಪಿನ ನೀರು ಬಿಟ್ಟು ಎಳೆದರೆ ಸರಿಯಾಯಿತು. ಜೋರಾಗಿ ಎಳೆದಿದ್ದರೆ ರಬ್ಬರ್ ಹರಿಯುತ್ತಿತ್ತು.

ಪ್ರೈಮರ್, ಬಣ್ಣ ಎರಡೂ ಪೂರ್ತಿ ಒಣಗಿದ ಮೇಲೆಯೇ ಗಾಜು ಕೂರಿಸಿದೆವು. ಪುನರ್ವಸು, ಪುಷ್ಯ ಎರಡೂ ಕಳೆದವು, ಸೀಟಿನ ಹಿಂದೆ ಬೂಷ್ಟಿನ ವಾಸನೆಯೂ ಇಲ್ಲ.

ನಮ್ಮ ಗಾಡಿ ದಿನಾ ಗೊಬ್ಬರ, ಗೊನೆ, ಔಷಧಿ ಹೊರುತ್ತದೆ, ಮನೆ ಅಂಗಳದಲ್ಲೇ ನೆನೆಯುತ್ತದೆ. ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಮೀಟರ್ ಬೀಡಿಂಗ್ ಸಾಕಾಗಬಹುದು. ನನಗೆ ಮಾತ್ರ ಒಂದು ಸಲ ದುಡ್ಡು ಹೆಚ್ಚಾದರೂ ಅಚ್ಚಿನ ರಬ್ಬರೇ ಇರಲಿ. ಮಾಡುವುದಾದರೆ ಮೇ ತಿಂಗಳ ಬಿಸಿಲಲ್ಲೇ ಮಾಡಿ. ಆಗ ರಬ್ಬರ್ ಮೆತ್ತಗಿರುತ್ತದೆ, ಬಣ್ಣವೂ ಬೇಗ ಒಣಗುತ್ತದೆ.