ಡಬ್ಬದ ಮೇಲೆ ‘ಬಾಸ್ ಸೆಟ್’ ಅಂತ ಇದ್ದರೂ ರೀಲಿನ ಸೈಜ್ ನೋಡಿಯೇ ಕೊಳ್ಳಿ

ಬಾಸ್ ಮೀನಿಗೆ (ಲಾರ್ಜ್‌ಮೌತ್ ಬಾಸ್ ಅನ್ನುವ ಸಿಹಿನೀರಿನ ಬೇಟೆಗಾರ ಮೀನು) ಗಾಳ ಹಾಕೋಣ ಅಂತ ಹೊಸದಾಗಿ ಹೊರಟಿದ್ದೀರಾ? ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ರಾಡು, ರೀಲು ಎರಡೂ ಒಟ್ಟಿಗೆ ಇರುವ ಸೆಟ್ ಒಂದನ್ನು ನನಗೆ ಮಾರಿದರು. ರಾಡ್ ಆರೂವರೆ ಅಡಿಯದು, ಮೀಡಿಯಂ ಲೈಟ್ (ಸ್ವಲ್ಪ ಮೆದುವಾಗಿ ಬಾಗುವಂಥದು). ಅದರ ಬಗ್ಗೆ ನನಗೇನೂ ದೂರಿಲ್ಲ. ಆದರೆ ಅದಕ್ಕೆ ಕೂರಿಸಿದ್ದ ಸ್ಪಿನ್ನಿಂಗ್ ರೀಲ್ 4000 ಸೈಜಿನದು. ಇಷ್ಟು ದೊಡ್ಡದು ಬೇಕಾ ಅಂತ ಕೇಳಿದೆ. ‘ದೊಡ್ಡ ಮೀನು ಬಿದ್ರೆ ಸಣ್ಣ ರೀಲ್ ತಡೆಯಲ್ಲ ಸಾರ್, ಇದೊಂದು ಇದ್ರೆ ಎಲ್ಲದಕ್ಕೂ ಆಗುತ್ತೆ’ ಅಂದರು. ಅವರೇ 8 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ಲೈನ್ (ಗಾಳದ ದಾರ) ನೂರು ಮೀಟರ್ ಸುತ್ತಿಕೊಟ್ಟರು.

ತೊಂದರೆ ಶುರುವಾಗಿದ್ದೇ ಆ ನೂರು ಮೀಟರಿನಿಂದ. 4000 ಸೈಜಿನ ಮಾಮೂಲಿ ಸ್ಪೂಲಿಗೆ (ಲೈನ್ ಸುತ್ತುವ ಉರುಳೆಗೆ) 8 ಪೌಂಡಿನ ಲೈನ್ ಇನ್ನೂರು ಮೀಟರಿಗಿಂತ ಜಾಸ್ತಿ ಹಿಡಿಸುತ್ತದೆ. ನೂರು ಸುತ್ತಿದರೆ ಅರ್ಧವೂ ತುಂಬುವುದಿಲ್ಲ. ಲೈನ್ ಸ್ಪೂಲಿನ ಅಂಚಿನಿಂದ ಎಲ್ಲೋ ಕೆಳಗೆ ಕೂತಿರುತ್ತದೆ. ಎಸೆದಾಗ ಒಂದೊಂದು ಸುತ್ತೂ ಆ ಅಂಚನ್ನು ಹತ್ತಿ, ಉಜ್ಜಿಕೊಂಡು ಹೊರಗೆ ಬರಬೇಕು. ಭಾರದ ಲೂರ್ (ಕೃತಕ ಎರೆ) ಆದರೆ ಹೇಗೋ ಎಳೆದುಕೊಂಡು ಹೋದೀತು. ಐದು ಗ್ರಾಮಿನ ಪ್ಲಾಸ್ಟಿಕ್ ಹುಳಕ್ಕೆ ಆ ಶಕ್ತಿ ಎಲ್ಲಿಂದ ಬರಬೇಕು? ಪಕ್ಕದಲ್ಲಿ ನಿಂತವರ ಲೂರ್ ಆಚೆ ಕಡೆಯ ಕಳೆ ಮುಟ್ಟುತ್ತಿದ್ದರೆ ನನ್ನದು ಅರ್ಧ ದಾರಿಯಲ್ಲೇ ತೊಪ್ಪನೆ ಬೀಳುತ್ತಿತ್ತು. ಲೈನ್ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಕೆಳಗಿರಬೇಕು ಅಷ್ಟೇ. ಅದಕ್ಕಿಂತ ತುಂಬಿಸಿದರೆ ಸುತ್ತುಗಳು ತಾವಾಗಿಯೇ ಕಳಚಿ ಗೋಜಲಾಗುತ್ತವೆ, ಅದು ಬೇರೆ ತಲೆನೋವು.

ಇನ್ನು ತೂಕ. ಆ ರೀಲ್ 300 ಗ್ರಾಂ ದಾಟಿತ್ತು. ರಾಡಿನ ತೂಕ ಅದರ ಅರ್ಧವೂ ಇರಲಿಲ್ಲ. ಹಿಡಿದುಕೊಂಡರೆ ಹಿಂದಿನ ಭಾಗ ಕೆಳಗೆ ಜಗ್ಗಿ, ತುದಿ ಮೇಲೆದ್ದು ನಿಲ್ಲುತ್ತಿತ್ತು. ಬಾಸ್‌ಗೆ ಸ್ಪಿನ್ನಿಂಗ್ ರಾಡ್ ಹಿಡಿಯುವುದೇ ಡ್ರಾಪ್ ಶಾಟ್, ನೆಡ್ ರಿಗ್, ವ್ಯಾಕಿ ರಿಗ್ ಥರದ, ಹಗುರ ಲೂರ್ ಕಟ್ಟಿ ಆಡಿಸುವ ನಾಜೂಕು ಕೆಲಸಕ್ಕೆ ಅಲ್ವಾ? ಇದರಲ್ಲೆಲ್ಲ ರಾಡಿನ ತುದಿಯನ್ನು ಮೆಲ್ಲಗೆ ಆಡಿಸುತ್ತಾ ಗಂಟೆಗಟ್ಟಲೆ ನಿಲ್ಲಬೇಕು. ಬಾಸ್ ಎಷ್ಟೋ ಸಲ ಲೂರನ್ನು ಜಗ್ಗುವುದೇ ಇಲ್ಲ. ನೀರಿನ ಜೊತೆ ಬಾಯೊಳಗೆ ಎಳೆದುಕೊಂಡು, ಇಷ್ಟವಾಗದಿದ್ದರೆ ಅಲ್ಲೇ ಉಗುಳಿಬಿಡುತ್ತದೆ. ನಮ್ಮ ಬೆರಳಿಗೆ ಗೊತ್ತಾಗುವುದು ಸಣ್ಣದೊಂದು ‘ಟಿಕ್’ ಮಾತ್ರ. ಮಣಿಕಟ್ಟು ನೋಯುತ್ತಿರುವ ಕೈಗೆ, ಹಿಂದಕ್ಕೆ ಜಗ್ಗುವ ರಾಡಿನಲ್ಲಿ, ಆ ಟಿಕ್ ತಿಳಿಯುವುದಿಲ್ಲ. ಎಷ್ಟು ಮೀನು ಹೀಗೆ ಬಂದು ಹೋದವೋ ದೇವರೇ ಬಲ್ಲ.

ಕಚ್ಚಿದ್ದರಲ್ಲೂ ಒಂದು ಒಳ್ಳೆಯ ಮೀನು ಹೋಯಿತು, ಅದಂತೂ ಹೊಟ್ಟೆ ಉರಿಸಿತು. 8 ಪೌಂಡ್ ಅಂದರೆ ಸುಮಾರು 3.6 ಕಿಲೋ. ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ಲೈನ್ ಬಿಟ್ಟುಕೊಡುವ ರೀಲಿನ ಬ್ರೇಕ್. ಅದನ್ನು ಲೈನಿನ ಬಲದ ಕಾಲು ಭಾಗಕ್ಕೆ, ಹೆಚ್ಚೆಂದರೆ ಮೂರನೇ ಒಂದು ಭಾಗಕ್ಕೆ ಇಟ್ಟುಕೊಳ್ಳುವುದು ರೂಢಿ. ಅಂದರೆ ಇಲ್ಲಿ ಒಂದು ಕಿಲೋ ಆಸುಪಾಸು. ನನ್ನ ರೀಲಿನ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 11 ಕಿಲೋ ಡ್ರ್ಯಾಗ್ ಅಂತ ಹಾಕಿದ್ದರು. ಡ್ರ್ಯಾಗಿನ ನಾಬನ್ನು (ತಿರುಗಿಸುವ ಗುಂಡಿಯನ್ನು) ಒಂದು ಕಿಲೋಗೆ ಸಡಿಲ ಮಾಡಿದರೆ ಸ್ಪೂಲ್ ಸಲೀಸಾಗಿ ತಿರುಗುತ್ತಲೇ ಇರಲಿಲ್ಲ. ಮೊದಲು ಗಟ್ಟಿಯಾಗಿ ಹಿಡಿದುಕೊಂಡು, ಆಮೇಲೆ ಗಕ್ಕನೆ ಬಿಡುತ್ತಿತ್ತು. ಮೀನು ದಡದ ಹತ್ತಿರದವರೆಗೂ ಬಂತು. ನನ್ನನ್ನು ಕಂಡದ್ದೇ ತಡ, ತಿರುಗಿ ಕೆಳಕ್ಕೆ ಧುಮುಕಿತು. ಬಾಸ್ ಯಾವಾಗಲೂ ಮಾಡುವ ಕೆಲಸವೇ ಅದು. ಹೊರಗಿದ್ದ ಲೈನ್ ತೀರಾ ಗಿಡ್ಡ, ಹಿಗ್ಗಲು ಜಾಗವಿಲ್ಲ. ಡ್ರ್ಯಾಗ್ ಬಿಡುವ ಮೊದಲೇ ಲೈನ್ ಗಂಟಿನ ಹತ್ತಿರ ಪಟ್ ಅಂತ ಹರಿಯಿತು.

ಆದ್ದರಿಂದ ಡಬ್ಬದ ಮೇಲಿನ ಡ್ರ್ಯಾಗ್ ನಂಬರ್ ತೋರಿಸಿ ಯಾರಾದರೂ ಮಾರಲು ಬಂದರೆ ಮರುಳಾಗಬೇಡಿ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದದ್ದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು, ಈ ಎರಡು ಬಾಸ್‌ಗಳು ವಿಶ್ವದಾಖಲೆಯನ್ನು ಹಂಚಿಕೊಂಡಿವೆ. ಅವೇ ತಲಾ ಹತ್ತು ಕಿಲೋ ಚಿಲ್ಲರೆ. ನಮ್ಮ ನಿಮ್ಮಂಥವರ ಗಾಳಕ್ಕೆ ಬೀಳುವುದು ಕಿಲೋ, ಎರಡು ಕಿಲೋದವು. ಮೇಲಾಗಿ ಬಾಸ್ ಸಮುದ್ರದ ಮೀನಿನ ಹಾಗೆ ನೂರಾರು ಮೀಟರ್ ಓಡುವುದಿಲ್ಲ. ಅಷ್ಟುದ್ದದ ಲೈನ್ ಹಿಡಿಸುವ ಸ್ಪೂಲ್ ಇಟ್ಟುಕೊಂಡು ಮಾಡುವುದೇನು? ಡ್ರ್ಯಾಗ್ ಎಷ್ಟು ಕಿಲೋ ತಡೆಯುತ್ತದೆ ಅನ್ನುವುದಕ್ಕಿಂತ ಕಡಿಮೆ ಬಿಗಿಯಲ್ಲಿ ಎಷ್ಟು ನುಣುಪಾಗಿ ಬಿಡುತ್ತದೆ ಅನ್ನುವುದೇ ಮುಖ್ಯ. ಅಂಗಡಿಯಲ್ಲೇ ನಾಬ್ ಸಡಿಲಿಸಿ, ಲೈನ್ ಹಿಡಿದು ಮೆಲ್ಲಗೆ ಎಳೆದು ನೋಡಿ. ಮಾರುವವರು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ಹಾಗಂತ ತೀರಾ ಚಿಕ್ಕದಕ್ಕೂ ಹೋಗಬೇಡಿ. ನನ್ನ ಗೆಳೆಯನಿಗೆ ‘ಹಗುರವಾಗಿದೆ’ ಅಂತ 1000 ಸೈಜ್ ಕೊಟ್ಟು ಕಳಿಸಿದ್ದರು, ಅದೇ 8 ಪೌಂಡಿನ ಫ್ಲೋರೋಕಾರ್ಬನ್ ಜೊತೆ. ಈ ಲೈನ್ ಬಿರುಸು. ಚಿಕ್ಕ ಸ್ಪೂಲಿನ ಮೇಲೆ ಬಿಗಿಯಾಗಿ ಸುತ್ತಿಕೊಂಡು ಅದೇ ಆಕಾರಕ್ಕೆ ಒಗ್ಗಿಬಿಡುತ್ತದೆ. ಬೇಲ್ (ಲೈನ್ ಹಿಡಿದಿಡುವ ತಂತಿಯ ಕಮಾನು) ತೆಗೆದ ಕೂಡಲೇ ಸ್ಪ್ರಿಂಗಿನಂತೆ ಪುಟಿದು ಹೊರಗೆ ಹಾರುತ್ತದೆ. ಅವನು ಮೀನು ಹಿಡಿದದ್ದಕ್ಕಿಂತ ಸಿಕ್ಕು ಬಿಡಿಸಿದ್ದೇ ಜಾಸ್ತಿ. 1000 ಸೈಜ್ ಒಳ್ಳೆಯದೇ, ಆದರೆ ಅದು ನಾಲ್ಕು ಪೌಂಡಿನ ತೆಳು ಲೈನಿಗೆ.

ಬಾಸ್‌ಗೆ ಸಾಮಾನ್ಯವಾಗಿ ಹೊಂದುವುದು 2500 ಅಥವಾ 3000. ಆರರಿಂದ ಹತ್ತು ಪೌಂಡಿನ ಲೈನು, ಆರೂವರೆಯಿಂದ ಏಳು ಅಡಿಯ ರಾಡು, ಇವುಗಳ ಜೊತೆ ಅದು ಸರಿಯಾಗಿ ಕೂರುತ್ತದೆ. ಆದರೆ ಈ ನಂಬರ್ ಯಾವುದೇ ಅಳತೆಯಲ್ಲ ಅನ್ನುವುದನ್ನು ಮರೆಯಬೇಡಿ. ರೆಡಿಮೇಡ್ ಶರ್ಟಿನ ಹಾಗೆ, ಒಬ್ಬರ ಲಾರ್ಜ್ ಇನ್ನೊಬ್ಬರ ಮೀಡಿಯಂ. ಕೆಲವರು 2500 ಅನ್ನುವುದನ್ನು ಬರೀ 25 ಅಂತ ಬರೆಯುತ್ತಾರೆ. ಡೈವಾ ಕಂಪನಿ 2018ರಲ್ಲಿ ಎಲ್‌ಟಿ ಅನ್ನುವ ಹೊಸ ಸಾಲು ತಂದಾಗ ನಂಬರುಗಳನ್ನೇ ಬದಲಾಯಿಸಿತು. ಅವರ ಹಳೆಯ 2500 ಈಗಿನ ಎಲ್‌ಟಿ 3000ಕ್ಕೆ ಸಮ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲಿ ಎಡವುವುದು ಸುಲಭ. ಶಿಮಾನೊ ಕಂಪನಿಯ ಸಿ3000 ಅಂದರೆ 2500ರ ಮೈಗೆ 3000ದ ಸ್ಪೂಲ್. ನಂಬರಿನ ಹಿಂದೆ ಮುಂದೆ ಇರುವ ಅಕ್ಷರವನ್ನೂ ಓದಿ.

ಅದಕ್ಕಿಂತ ನಂಬಿಕಸ್ತವಾದದ್ದು ಸ್ಪೂಲಿನ ಮೇಲೆಯೇ ಇರುವ ಸಣ್ಣ ಬರಹ. 8/140 ಅಂತ ಇದ್ದರೆ 8 ಪೌಂಡಿನ ಮಾನೋ (ನೈಲಾನಿನ ಒಂಟಿ ಎಳೆ) ಲೈನ್ 140 ಗಜ ಹಿಡಿಸುತ್ತದೆ ಅಂತ ಅರ್ಥ. ಮೊದಲು ಯಾವ ಲೈನ್ ಬಳಸುತ್ತೀರಿ ಅಂತ ತೀರ್ಮಾನಿಸಿ, ಆಮೇಲೆ ಈ ಬರಹ ನೋಡಿ. ಸೆಟ್ ಆಗಿ ಕೊಡುತ್ತಿದ್ದರೆ ರೀಲ್ ರಾಡಿಗೆ ಕೂರುವ ಜಾಗದ ಸ್ವಲ್ಪ ಮುಂದೆ ರಾಡಿನ ಕೆಳಗೆ ಒಂದು ಬೆರಳಿಟ್ಟು ಎತ್ತಿ. ಹೆಚ್ಚು ಕಡಿಮೆ ಸಮವಾಗಿ ನಿಲ್ಲಬೇಕು. ಹಿಂದಕ್ಕೆ ಧೊಪ್ಪನೆ ವಾಲಿದರೆ ಅಲ್ಲೇ ಇಟ್ಟು ಬನ್ನಿ.

ಈಗಾಗಲೇ ದೊಡ್ಡ ರೀಲ್ ತಂದುಬಿಟ್ಟಿದ್ದರೆ ಎಸೆಯಬೇಕಾಗಿಲ್ಲ. ತಳಕ್ಕೆ ಅಗ್ಗದ ಮಾನೋ ಲೈನ್ ಸುತ್ತಿ, ಅದರ ಮೇಲೆ ನಿಮ್ಮ ಲೈನ್ ಕಟ್ಟಿ ಸುತ್ತಿದರೆ ಸ್ಪೂಲ್ ತುಂಬುತ್ತದೆ, ಎಸೆತ ಸುಧಾರಿಸುತ್ತದೆ. ಬ್ರೇಡ್ (ಎಳೆಗಳನ್ನು ಹೆಣೆದು ಮಾಡಿದ ಲೈನ್) ಹಾಕುವುದಾದರೆ ತಳದಲ್ಲಿ ಮಾನೋ ಇರಲೇಬೇಕು, ಇಲ್ಲವೇ ಟೇಪ್ ಆದರೂ ಅಂಟಿಸಿ. ಬರೀ ಬ್ರೇಡ್ ಸುತ್ತಿದರೆ ನುಣುಪಾದ ಸ್ಪೂಲಿನ ಮೇಲೆ ಇಡೀ ಸುತ್ತೇ ಜಾರಿ ತಿರುಗುತ್ತದೆ, ನಾವು ಡ್ರ್ಯಾಗ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಬಿಗಿ ಮಾಡುತ್ತಾ ಇರುತ್ತೇವೆ. ತೂಕ ಮತ್ತು ಡ್ರ್ಯಾಗಿಗೆ ಮಾತ್ರ ಇದರಿಂದ ಪರಿಹಾರವಿಲ್ಲ. ಹಾಗಾಗಿ ಮೊದಲು ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ, ಅದೂ ಲೈನ್ ಸುತ್ತಿಸುವ ಮುಂಚೆ. ನನ್ನದನ್ನು ‘ಲೈನ್ ಹಾಕಿದ ಮೇಲೆ ಬಳಸಿದ ಹಾಗೆ’ ಅಂತ ಹೇಳಿ ತೆಗೆದುಕೊಳ್ಳಲಿಲ್ಲ, ಹಾಕಿದ್ದು ಅವರೇ ಆದರೂ.