ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗೆ ಹುಬ್ಬಳ್ಳಿಯಿಂದ ಬಂದ ನೆರವು

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ನಾನು 11 ವರ್ಷದಿಂದ ಲೆಕ್ಕ ನೋಡಿಕೊಳ್ಳುತ್ತೇನೆ. ಕೊಪ್ಪಿಕರ್ ರಸ್ತೆ ಹತ್ತಿರದ ಈ ಕಂಪ್ಯೂಟರ್ ಅಂಗಡಿಯವರು ಕಳೆದ ತಿಂಗಳು ನಮ್ಮ ಡೇಟಾಬೇಸ್ ತೆರೆದುಕೊಟ್ಟರು. "ಚೆನ್ನಾಗಿ ಮಾಡಿದರು" ಅಂತ ಒಂದು ಸಾಲು ಬರೆದು ಬಿಡೋಕೆ ಮನಸ್ಸಾಗಲಿಲ್ಲ.

ಅವತ್ತು ಬುಧವಾರ. ಮರುದಿನ ಗುರುವಾರ, ಅಂದರೆ ಬ್ಯಾಡಗಿ ಮಾರ್ಕೆಟ್ ದಿನ. ಇಲ್ಲಿ ಮೆಣಸಿನಕಾಯಿ ವ್ಯಾಪಾರ ಸೋಮವಾರ, ಗುರುವಾರ ಜೋರು. ಹಿಂದಿನ ದಿನವೇ ರೈತರು ಬಂದು ಚೀಲ ತೆಗೆಸುತ್ತಾರೆ. ಗೇಟಿನ ಹತ್ತಿರ ಹೊಸ ಕಂಪ್ಯೂಟರ್ ಇಟ್ಟಿದ್ದೆವು. ಅದನ್ನು ಜೋಡಿಸಲು ಆಫೀಸಿನ ಸರ್ವರ್‌ನಲ್ಲಿ ಸೆಟ್ಟಿಂಗ್ಸ್ ತೆರೆದೆ. ಪಾಸ್‌ವರ್ಡ್ ಜಾಗ ಖಾಲಿ ಇತ್ತು. ಅದನ್ನು ನೋಡದೆ ಸೇವ್ ಒತ್ತಿಬಿಟ್ಟೆ. ಡೇಟಾಬೇಸಿಗೆ ಹೋಗುವ ಪಾಸ್‌ವರ್ಡ್ ಅಳಿಸಿ, ಮುಂದಿನ ನಿಮಿಷದಲ್ಲಿ ಸಾಫ್ಟ್‌ವೇರ್ ಬಂದ್. ಪಾಸ್‌ವರ್ಡ್ ಹಾಕಿದ್ದ ಹುಡುಗ ಕೆಲಸ ಬಿಟ್ಟು ನಾಲ್ಕು ವರ್ಷ ಆಗಿದೆ. ಅವನಿಗೂ ನೆನಪಿಲ್ಲ.

ರೈತರ ಕೈಯಲ್ಲಿ ರಸೀದಿ ಇರುತ್ತದೆ, ನಿಜ. ಆದರೆ ಡಬ್ಬಿ ತಳಿಯ ಮೆಣಸಿನಕಾಯಿ ಯಾವ ಚೇಂಬರ್‌ನಲ್ಲಿದೆ, ಕಡ್ಡಿ ತಳಿಯದು ಎಷ್ಟನೇ ಮಾಳಿಗೆಯಲ್ಲಿದೆ, ಬಾಡಿಗೆ ಎಷ್ಟು ಬಾಕಿ, ಎಲ್ಲಾ ಕಂಪ್ಯೂಟರ್ ಒಳಗೆ. 30,000 ಚೀಲದ ನಡುವೆ ಒಬ್ಬರ 42 ಚೀಲ ಹುಡುಕೋದು ಅಂದ್ರೆ ಹಮಾಲರಿಗೆ ಇಡೀ ದಿನದ ಕೆಲಸ. ಹಾವನೂರು ಕಡೆಯಿಂದ ಬಂದಿದ್ದ ಒಬ್ಬ ಅಜ್ಜ ಮಧ್ಯಾಹ್ನದವರೆಗೂ ನನ್ನ ಮೇಜಿನ ಮುಂದೆ ಕೂತಿದ್ದರು. ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ಸಂಕಟ ಆಯಿತು.

ಮೊದಲು ಬೇರೆ ಒಬ್ಬರಿಗೆ ಫೋನ್ ಮಾಡಿದ್ದೆ. ಅವರು ಏನೂ ಕೇಳದೆ, "ಹಳೇ ಡೇಟಾ ಹೋತು, ಹೊಸ ಸಾಫ್ಟ್‌ವೇರ್ ತಗೊಳ್ರಿ" ಅಂದರು. ಆಮೇಲೆ ಈ ಅಂಗಡಿಗೆ ಮಾಡಿದೆ. ಇವರ ಮೊದಲ ಪ್ರಶ್ನೆ: "ಸರ, ಆ ಕಂಪ್ಯೂಟರಿನ ವಿಂಡೋಸ್ ಅಡ್ಮಿನ್ ಪಾಸ್‌ವರ್ಡ್ ಐತೇನ್ರಿ?" ಇತ್ತು. "ಹಂಗಾದ್ರ ಚಿಂತಿ ಮಾಡಬ್ಯಾಡ್ರಿ. ಯಾರೂ ಏನೂ ಒತ್ತಬ್ಯಾಡ್ರಿ, ನಾ ಬರ್ತೇನಿ." ಸಂಜೆ ರೈಲಿಗೆ ಬಂದೇಬಿಟ್ಟರು.

ಬಂದವರು ಕಂಪ್ಯೂಟರ್ ಮುಟ್ಟಲಿಲ್ಲ. ಮಾಲೀಕರನ್ನು ಕೇಳಿದರು. ಈ ಡೇಟಾ ನಮ್ಮದೇ, ತೆರೆಯಲು ಒಪ್ಪಿಗೆ ಇದೆ ಅಂತ ಲೆಟರ್‌ಹೆಡ್ ಮೇಲೆ ಬರೆಸಿ ಸಹಿ ಹಾಕಿಸಿಕೊಂಡರು. ನಮ್ಮ ಸಾವ್ಕಾರರಿಗೆ ಸ್ವಲ್ಪ ಸಿಟ್ಟು ಬಂತು. ನನಗೆ ಮಾತ್ರ ಆಗಲೇ ನಂಬಿಕೆ ಬಂತು. ಯಾರು ಕರೆದರೂ ಹೋಗಿ ಬೀಗ ತೆಗೆಯುವವರ ಕೈಗೆ ರೈತರ ಲೆಕ್ಕ ಕೊಡೋಕೆ ಆಗುತ್ತಾ?

ನಮ್ಮದು ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್, ಅಂದರೆ ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ಸಾಫ್ಟ್‌ವೇರ್. ಮೊದಲು ಅದರ ಸರ್ವಿಸ್ ನಿಲ್ಲಿಸಿ, ಡೇಟಾ ಇರುವ ಎಂಡಿಎಫ್, ಬದಲಾವಣೆಗಳ ದಾಖಲೆ ಇರುವ ಎಲ್‌ಡಿಎಫ್ ಫೈಲುಗಳನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದರು. "ಇನ್ನ ಏನ ಆದ್ರೂ ಮೂಲ ಡೇಟಾ ಇಲ್ಲೇ ಐತ್ರಿ" ಅಂತ ಆ ಡಿಸ್ಕ್ ನನ್ನ ಕೈಗೇ ಕೊಟ್ಟರು. ಹಳೇ ಪಾಸ್‌ವರ್ಡ್ ಹುಡುಕಿ ಕೊಡ್ತೀರಾ ಅಂತ ಕೇಳಿದೆ. ಅದು ಒಳಗೆ ಇದ್ದ ಹಾಗೇ ಬರೆದಿಟ್ಟಿರುವುದಿಲ್ಲ, ಹ್ಯಾಶ್ (ಹಿಂದಕ್ಕೆ ಬಿಡಿಸಲಾಗದ ಗುರುತು) ಮಾತ್ರ ಇರುತ್ತದೆ, ಹಾಗಾಗಿ ಹೊಸದು ಹಾಕೋದೇ ದಾರಿ ಅಂದರು.

ದಾರಿ ಹೀಗಿತ್ತು. ಕಾನ್ಫಿಗರೇಶನ್ ಮ್ಯಾನೇಜರ್‌ನ ಸ್ಟಾರ್ಟಪ್ ಪ್ಯಾರಾಮೀಟರ್ಸ್‌ನಲ್ಲಿ ಒಂದು ಅಡ್ಡಗೆರೆ, ಪಕ್ಕದಲ್ಲಿ 'ಎಮ್' ಸೇರಿಸಿ ಸರ್ವಿಸ್ ಶುರು ಮಾಡಿದರೆ ಸಿಂಗಲ್ ಯೂಸರ್ ಮೋಡ್. ಆಗ ಒಬ್ಬರಿಗೆ ಮಾತ್ರ ಪ್ರವೇಶ. ಆ ಕಂಪ್ಯೂಟರಿನ ವಿಂಡೋಸ್ ಅಡ್ಮಿನ್ ಆಗಿದ್ದವರು ಒಳಗೆ ಹೋದರೆ ಡೇಟಾಬೇಸಿನ ಪೂರ್ತಿ ಅಧಿಕಾರ ಸಿಗುತ್ತದೆ. ಮೊದಲ ಸಲ ಆಗಲಿಲ್ಲ. ಯಾವುದೋ ಬೇರೆ ಪ್ರೋಗ್ರಾಮ್ ಆ ಒಂದೇ ಜಾಗದಲ್ಲಿ ಕೂತುಬಿಟ್ಟಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು 'ಎಮ್' ಆದ ಮೇಲೆ ಎಸ್‌ಕ್ಯುಎಲ್‌ಸಿಎಮ್‌ಡಿ ಅಂತ, ಡೇಟಾಬೇಸಿಗೆ ಆದೇಶ ಟೈಪ್ ಮಾಡುವ ಪ್ರೋಗ್ರಾಮಿನ ಹೆಸರು ಸೇರಿಸಿದರು. ಆಗ ಆ ಜಾಗ ಎಸ್‌ಕ್ಯುಎಲ್‌ಸಿಎಮ್‌ಡಿಯಿಂದ ಬಂದವರಿಗಷ್ಟೇ. ಎರಡನೇ ಸಲ ಒಳಗೆ ಹೋದರು. ನಮ್ಮ ವಿಂಡೋಸ್ ಅಡ್ಮಿನ್‌ಗೆ ಸಿಸ್‌ಅಡ್ಮಿನ್, ಅಂದರೆ ಪೂರ್ತಿ ಅಧಿಕಾರ ಕೊಟ್ಟು, ಸೇರಿಸಿದ್ದನ್ನು ತೆಗೆದು, ಸರ್ವಿಸ್ ಮತ್ತೆ ಶುರು ಮಾಡಿದರು. ಡೇಟಾಬೇಸಿನ ಮುಖ್ಯ ಲಾಗಿನ್ ಆದ 'ಎಸ್‌ಎ'ಗೆ ಹೊಸ ಪಾಸ್‌ವರ್ಡ್ ಹಾಕುವಾಗ ಎದ್ದು ನಿಂತು, "ನೀವ ಟೈಪ್ ಮಾಡ್ರಿ ಸರ, ನನಗ ಗೊತ್ತಾಗೋದು ಬ್ಯಾಡ" ಅಂತ ಗೋಡೆ ಕಡೆ ತಿರುಗಿದರು. ಆ ಪಾಸ್‌ವರ್ಡ್ ಈಗ ಸಾವ್ಕಾರರ ತಿಜೋರಿಯಲ್ಲಿ, ಅಂಟಿಸಿದ ಲಕೋಟೆಯಲ್ಲಿದೆ. ದಿನದ ಕೆಲಸಕ್ಕೆ ಕಡಿಮೆ ಅಧಿಕಾರದ ಬೇರೆ ಲಾಗಿನ್ ಮಾಡಿಕೊಟ್ಟರು.

ಇಷ್ಟಕ್ಕೆ ಹೋಗಬಹುದಿತ್ತು. ಬ್ಯಾಕಪ್ ಎಲ್ಲಿ ಅಂತ ಕೇಳಿದರು. ನಮ್ಮ ಹತ್ತಿರ ಸರಿಯಾದದ್ದು ಇರಲಿಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ತಾನೇ ಕೆಲಸ ನಡೆಸುವ ಏಜೆಂಟ್ ಇಲ್ಲ, ಹಾಗಾಗಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ರಾತ್ರಿ 9ಕ್ಕೆ ಬ್ಯಾಕಪ್ ಆಗುವಂತೆ ಮಾಡಿದರು. ನಮ್ಮಲ್ಲಿರುವ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ನಮ್ಮದು 3 ಜಿಬಿ ದಾಟಿಲ್ಲ ಅಂತ ತೋರಿಸಿದರು. ನಮ್ಮ ಟ್ಯಾಲಿ ಬಗ್ಗೆಯೂ ಕೇಳಿದೆ. ಟ್ಯಾಲಿಯ ಲೆಕ್ಕವನ್ನು ಬೀಗ ಹಾಕಿಡುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಕಳೆದರೆ ತಮ್ಮ ಕೈಲೂ ಆಗುವುದಿಲ್ಲ, ಅದನ್ನು ಇವತ್ತೇ ಬರೆದಿಡಿ ಅಂತ ನೇರವಾಗಿ ಹೇಳಿದರು.

ಒಟ್ಟು 3,500 ರೂಪಾಯಿ, ರೈಲಿನ ಖರ್ಚು ಬೇರೆ. ದುಬಾರಿ ಅನಿಸಲಿಲ್ಲ. ಆದರೆ ಚಾರ್ಜ್ ಎಷ್ಟಾಗುತ್ತದೆ ಅಂತ ಫೋನಿನಲ್ಲೇ ಹೇಳಬೇಕಿತ್ತು. ಬಿಲ್ ಕೈಗೆ ಬರೋಕೆ ಒಂಬತ್ತು ದಿನ ಆಯಿತು, ಎರಡು ಸಲ ನೆನಪಿಸಿದೆ. ಅದಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ.

ಇವರನ್ನು ಕರೆಯುವವರು ವಿಂಡೋಸ್ ಅಡ್ಮಿನ್ ಪಾಸ್‌ವರ್ಡ್, ಲೆಟರ್‌ಹೆಡ್, ಒಂದು ಖಾಲಿ ಹಾರ್ಡ್‌ಡಿಸ್ಕ್ ಮೊದಲೇ ಇಟ್ಟುಕೊಳ್ಳಿ. ನಮ್ಮಲ್ಲಿ ಡಿಸ್ಕ್ ತರೋಕೇ ಮುಕ್ಕಾಲು ಗಂಟೆ ಹೋಯಿತು. ರಾತ್ರಿ ಎಂಟೂವರೆಗೆ ಸಾಫ್ಟ್‌ವೇರ್ ತೆರೆಯಿತು. ಆ ಅಜ್ಜ ಊರಿಗೆ ಹೋಗದೆ ಪರಿಚಯದ ದಲಾಲಿ ಅಂಗಡಿಯಲ್ಲಿ ಮಲಗಿದ್ದರು. ಗುರುವಾರ ಬೆಳಿಗ್ಗೆ ಅವರ 42 ಚೀಲ ಮೊದಲ ಗಾಡಿಯಲ್ಲೇ ಮಾರ್ಕೆಟ್‌ಗೆ ಹೋದವು.