ಬೀಗ ಹಾಕಿದ ಮನೆಗೆ ವಿಮೆ ಇದೆಯೆಂದು ನಂಬಿ ಕೂರುವ ಮುನ್ನ

ಬಾಡಿಗೆದಾರರು ಬಿಟ್ಟುಹೋದ ಮೇಲೆ ನಮ್ಮ ಮನೆ ಸುಮಾರು ಎರಡೂವರೆ ತಿಂಗಳು ಖಾಲಿ ಉಳಿದಿತ್ತು. ಆ ಅವಧಿಯಲ್ಲಿ ಮೇಲಿನ ಸ್ನಾನದ ಮನೆಯ ಗೋಡೆಯೊಳಗಿದ್ದ ಪೈಪಿನ ಜೋಡಣೆಯೊಂದು ಬಿಟ್ಟುಕೊಂಡು, ಯಾರ ಗಮನಕ್ಕೂ ಬಾರದೆ ದಿನಗಟ್ಟಲೆ ನೀರು ಹರಿದಿತ್ತು. ನಾನು ಬಾಗಿಲು ತೆರೆದಾಗ ಕೆಳಗಿನ ಕೋಣೆಯ ಚಾವಣಿಯ ಗಾರೆ ನೆಲಕ್ಕೆ ಬಿದ್ದಿತ್ತು, ಮರದ ಕಪಾಟುಗಳು ಉಬ್ಬಿದ್ದವು, ಗೋಡೆಗಳಿಗೆ ಎದೆಯೆತ್ತರದವರೆಗೆ ಬೂಷ್ಟು ಹಿಡಿದಿತ್ತು. ಆಗ ಇದ್ದ ಒಂದೇ ಸಮಾಧಾನವೆಂದರೆ ವಿಮೆ. ಒಂದು ಕಂತನ್ನೂ ನಾನು ತಪ್ಪಿಸಿರಲಿಲ್ಲ. ಪೈಪು ಒಡೆದು ಆಗುವ ಹಾನಿಯೂ ಪಾಲಿಸಿಯಲ್ಲಿ ಸೇರಿತ್ತು. ಆದರೂ ಕ್ಲೇಮು ತಿರಸ್ಕೃತವಾಯಿತು.

ಹಾನಿಯನ್ನು ಅಂದಾಜಿಸಲು ವಿಮಾ ಕಂಪನಿಯ ಪರವಾಗಿ ಬಂದ ಸರ್ವೇಯರ್ ಮೊದಲು ಕೇಳಿದ್ದು ಪೈಪಿನ ವಿಷಯವನ್ನಲ್ಲ, ಹಿಂದಿನ ತಿಂಗಳುಗಳ ವಿದ್ಯುತ್ ಬಿಲ್ಲುಗಳನ್ನು. ಮೀಟರಿನ ಅಂಕಿ ಬಹುಮಟ್ಟಿಗೆ ನಿಂತಲ್ಲೇ ನಿಂತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಪಾಲಿಸಿಯ ಒಳಪುಟದಲ್ಲಿ, ಕಟ್ಟಡವು ಸತತವಾಗಿ 30 ದಿನಗಳಿಗಿಂತ ಹೆಚ್ಚು ಕಾಲ ವಾಸವಿಲ್ಲದೆ ಉಳಿದರೆ, ಕಂಪನಿಯ ಲಿಖಿತ ಒಪ್ಪಿಗೆ ಪಡೆಯದ ಹೊರತು ನೀರಿನ ಹಾನಿ, ಕಳ್ಳತನ ಮತ್ತು ಉದ್ದೇಶಪೂರ್ವಕ ಹಾನಿಗೆ ಪರಿಹಾರ ಸಿಗುವುದಿಲ್ಲವೆಂಬ ಷರತ್ತಿತ್ತು. ವರ್ಷಗಳಿಂದ ನವೀಕರಿಸುತ್ತ ಬಂದ ನಾನು ಆ ಪುಟವನ್ನು ಒಮ್ಮೆಯೂ ಓದಿರಲಿಲ್ಲ. ಮನೆ ಖಾಲಿಯಾದ ವಾರದಲ್ಲಿ ಏಜೆಂಟರಿಗೆ ಫೋನಿನಲ್ಲಿ ತಿಳಿಸಿದ್ದೆ, ಅವರು "ಏನೂ ತೊಂದರೆಯಿಲ್ಲ" ಎಂದಿದ್ದರು. ಆ ಮಾತಿಗೆ ಯಾವ ದಾಖಲೆಯೂ ಇರಲಿಲ್ಲ, ಆದ್ದರಿಂದ ಯಾವ ಬೆಲೆಯೂ ಸಿಗಲಿಲ್ಲ.

ಈ ಷರತ್ತನ್ನು ಅನ್ಯಾಯವೆಂದು ನಾನು ಹೇಳಲಾರೆ. ಜನವಿರುವ ಮನೆಯಲ್ಲಿ ಸೋರಿಕೆ ಗಂಟೆಗಳಲ್ಲಿ ಕಣ್ಣಿಗೆ ಬೀಳುತ್ತದೆ, ಹೊಗೆಯ ವಾಸನೆ ಕೂಡಲೇ ಮೂಗಿಗೆ ತಟ್ಟುತ್ತದೆ. ಬೀಗ ಹಾಕಿದ ಮನೆಯಲ್ಲಿ ಸಣ್ಣ ದೋಷವೇ ದೊಡ್ಡ ನಷ್ಟವಾಗಿ ಬೆಳೆಯುತ್ತದೆ. ನನ್ನ ಆಕ್ಷೇಪವಿರುವುದು ಪಾಲಿಸಿ ಮಾರುವಾಗ ಅದನ್ನು ಯಾರೂ ಬಾಯಿಬಿಟ್ಟು ಹೇಳದಿರುವುದರ ಬಗ್ಗೆ. ದಿನಗಳ ಮಿತಿ ಕೆಲವು ಪಾಲಿಸಿಗಳಲ್ಲಿ 30, ಕೆಲವುಗಳಲ್ಲಿ 60. ಸಾಮಾನು ಹಾಗೆಯೇ ಇದ್ದು ಜನರಷ್ಟೇ ಇಲ್ಲದ ಮನೆಯನ್ನೂ ಸಾಮಾನೂ ಇಲ್ಲದೆ ಬರಿದಾದ ಮನೆಯನ್ನೂ ಕೆಲವು ಪಾಲಿಸಿಗಳು ಬೇರೆಬೇರೆಯಾಗಿ ಕಾಣುತ್ತವೆ. ವಾರಕ್ಕೊಮ್ಮೆ ಹೋಗಿ ಕಿಟಕಿ ತೆರೆದು ಬರುವುದು ವಾಸವೆನಿಸುವುದಿಲ್ಲ. ದುರಸ್ತಿಯ ಕೆಲಸದವರು ಹಗಲಿಡೀ ಇದ್ದರೂ ಅಷ್ಟೇ, ಅದನ್ನು ವಾಸವೆಂದು ಎಣಿಸುವರೆಂದು ನೆಚ್ಚಬಾರದು. ಬಾಡಿಗೆ ನಷ್ಟದ ರಕ್ಷಣೆಯೂ ಸಾಮಾನ್ಯವಾಗಿ ವಿಮೆಗೊಳಪಟ್ಟ ಹಾನಿಯಿಂದ ಬಾಡಿಗೆ ನಿಂತಾಗ ಮಾತ್ರ ಅನ್ವಯಿಸುತ್ತದೆ, ಹೊಸ ಬಾಡಿಗೆದಾರರು ಸಿಗದಿದ್ದಾಗ ಅಲ್ಲ.

ನಮ್ಮ ಮನೆ 'ಖಾಲಿ' ಎಂದು ನಮಗೇ ಅನ್ನಿಸದ ಸಂದರ್ಭಗಳ ಬಗ್ಗೆ ನನಗೆ ಹೆಚ್ಚಿನ ಕಳವಳವಿದೆ. ತಾಯಿ ತೀರಿಕೊಂಡ ಮೇಲೆ ಆಸ್ತಿಯ ಕಾಗದಪತ್ರ ಮುಗಿಯುವವರೆಗೆ ಮುಚ್ಚಿಟ್ಟ ಮನೆ, ಮಾರಾಟಕ್ಕಿಟ್ಟು ಖರೀದಿದಾರರಿಗಾಗಿ ಕಾಯುತ್ತಿರುವ ಮನೆ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿರುವವರ ಮನೆ, ಇವೆಲ್ಲವೂ ಪಾಲಿಸಿಯ ಲೆಕ್ಕದಲ್ಲಿ ವಾಸವಿಲ್ಲದ ಮನೆಗಳೇ. ದುಃಖದಲ್ಲಿರುವವರಿಗೆ ವಿಮಾ ಕಂಪನಿಗೆ ಪತ್ರ ಬರೆಯುವ ಯೋಚನೆ ಎಲ್ಲಿಂದ ಬರಬೇಕು? ಅಂಥ ಮನೆಗಳಲ್ಲಿ ಬೇರೆ ಯಾರಾದರೂ ಈ ಕೆಲಸವನ್ನು ವಹಿಸಿಕೊಳ್ಳಬೇಕು.

ಎರಡನೆಯ ಬಾರಿ ಮನೆ ಖಾಲಿಯಾದಾಗ, ಬಾಡಿಗೆದಾರರು ಬಿಡುವುದಾಗಿ ತಿಳಿಸಿದ ದಿನವೇ ನಾನು ಕಂಪನಿಗೆ ಇಮೇಲ್ ಕಳುಹಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ, ವಾಸವಿಲ್ಲದ ಅವಧಿಗೂ ರಕ್ಷಣೆ ನೀಡುವ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಲಿಖಿತ ತಿದ್ದುಪಡಿ) ಪಡೆದೆ. ಅದಕ್ಕೂ ಷರತ್ತುಗಳಿದ್ದವು: ನೀರಿನ ಮುಖ್ಯ ವಾಲ್ವ್ ಮುಚ್ಚಿ ಪೈಪುಗಳನ್ನು ಬರಿದು ಮಾಡಬೇಕು, ನಿಗದಿತ ದಿನಗಳಿಗೊಮ್ಮೆ ಮನೆಯನ್ನು ಒಳಹೊಕ್ಕು ಪರಿಶೀಲಿಸಿ ಅದನ್ನು ಬರೆದಿಡಬೇಕು. ಒಂದು ಭೇಟಿ ತಪ್ಪಿದರೂ ಆ ರಕ್ಷಣೆ ಕೈತಪ್ಪಬಹುದಾದ್ದರಿಂದ, ಪ್ರತಿ ಭೇಟಿಯಲ್ಲೂ ಮೀಟರಿನ, ವಾಲ್ವಿನ ಮತ್ತು ಪ್ರತಿ ಕೋಣೆಯ ಫೋಟೋವನ್ನು ದಿನಾಂಕ ಕಾಣುವಂತೆ ತೆಗೆದು, ಅಂದೇ ಇಮೇಲಿನಲ್ಲಿ ನನಗೆ ನಾನೇ ಕಳುಹಿಸಿಕೊಳ್ಳುತ್ತೇನೆ.